ಗೋಡೌನಿನ ಬಾಗಿಲು

"ನಿನ್ನ ಮಗಳು ಕ್ಲಾಸಿನಲ್ಲಿ ದೆವ್ವದ ಕಥೆ ಓದಿದಳಂತಲ್ಲ ಸಾಂತಪ್ಪ. ನಮ್ಮ ಗೋಡೌನಿನ ದೆವ್ವವಂತೆ," ಎಂದರು ಪದ್ಮಯ್ಯ ಸಾಹುಕಾರರು.

ಅವರು ಬಂಗಲೆಯ ಜಗಲಿಯಲ್ಲಿ ಕೂತಿದ್ದರು. ಅವರ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾನು, ಕೆಳಗೆ ಅಂಗಳದಲ್ಲಿ ನಿಂತಿದ್ದೆ.

"ಮಕ್ಕಳಾಟ ಸಾಹುಕಾರ್ರೇ."

"ಆಟವಾ? ನಿನ್ನೆ ಅವಳು ಓದುವಾಗ ನನ್ನ ಮೊಮ್ಮಗ ಅಲ್ಲೇ ಕೂತಿದ್ದ. ಇವತ್ತು ಬುತ್ತಿ ಬಿಚ್ಚಿದರೆ ಒಬ್ಬನೂ ಪಕ್ಕ ಕೂರಲಿಲ್ಲವಂತೆ, ಅಳುತ್ತಾ ಮನೆಗೆ ಬಂದಿದ್ದಾನೆ. ಆ ದೆವ್ವಕ್ಕೆ ನಮ್ಮ ಕೂಲಿಯವಳು ಕಾಳಿಯ ಹೆಸರು ಬೇರೆ ಹಾಕಿದ್ದಾಳೆ. ಕಾಳಿ ಸತ್ತದ್ದು ಜ್ವರದಲ್ಲಿ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು."

"ಹಾಗಾದ್ರೆ ನಾಳೆ ಅದೇ ಕ್ಲಾಸಿನಲ್ಲಿ ನಿಂತು, ಬರೆದದ್ದೆಲ್ಲ ಸುಳ್ಳು ಅಂತ ಹೇಳಲಿ. ಆ ನೋಟುಬುಕ್ಕು ಇವತ್ತೇ ನನ್ನ ಕೈಗೆ ಬರಲಿ. ಇಲ್ಲದಿದ್ರೆ ನಿನ್ನ ಪಾತ್ರೆ ಪಡಗ ಗೇಟಿನಾಚೆ."

ಅಮ್ಮತ್ತಿಯ ಸ್ಕೂಲಿಗೆ ಮೂರು ಮೈಲಿ. ಮೂರು ಮೈಲಿಯೂ ಆ ಪ್ರೇಮಾವತಿ ಟೀಚರನ್ನು ಬೈಯುತ್ತಾ ನಡೆದೆ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ ಬಂದ ಎರಡನೇ ವರ್ಷ ಅದು, ಹಳ್ಳಿ ಮಕ್ಕಳು ಓದಿ ಮೇಲೆ ಬರಬೇಕು ಅಂತ ಎಲ್ಲರ ಬಾಯಲ್ಲೂ ಮಾತು. ಓದಿ ಮೇಲೆ ಬನ್ನಿ ಅಂದರೆ ಈಕೆ ದೆವ್ವ ಕಲಿಸುತ್ತಾಳೆ.

ಬುಧವಾರ ಕೊನೆಯ ಪೀರಿಯಡ್ಡಿನಲ್ಲಿ ಕಿಟಕಿ ಮುಚ್ಚಿಸಿ, ಇಂಗ್ಲಿಷ್ ಕಥೆಗಳನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುವುದು ಆಕೆಯ ಪದ್ಧತಿ. ಗುಡ್ಡದ ಮೇಲೊಂದು ಮುರುಕು ಬಂಗಲೆ, ಅಟ್ಟದಲ್ಲಿ ಮುಚ್ಚಿದ ಕೋಣೆ, ಒಳಗೆ ಸತ್ತ ಹೆಂಗಸು. ಮಗಳು ಯಮುನ ಮನೆಗೆ ಬಂದು ಆ ಸ್ವರಗಳನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯೇ. ಆದರೆ ಮೊದಮೊದಲು ಕ್ಲಾಸಿನಲ್ಲಿ ಯಾರೂ ಹೆದರಲಿಲ್ಲವಂತೆ. ಹೇಗೆ ಹೆದರುತ್ತಾರೆ? ನಮ್ಮಲ್ಲಿ ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆ ಎಲೆ ಹಾಕಿ, ಕೋಳಿಸಾರು ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅವರು ನಾಚದೆ ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ಬರುತ್ತೇವೆ. ಮುಚ್ಚಿದ ಬಾಗಿಲ ಹಿಂದೆ ಸತ್ತವರಿದ್ದರೆ ಅದು ಮರ್ಯಾದೆ. ಯಮುನ ಇದನ್ನು ಹೇಳಿದಾಗ ಟೀಚರು ನಕ್ಕು, "ಹಾಗಾದರೆ ನಿಮಗೆ ಯಾವುದು ಹೆದರಿಕೆಯೋ ಅದನ್ನೇ ಬರೆದು ತನ್ನಿ" ಅಂದರಂತೆ. ನನ್ನ ಮಗಳು ಬರೆದುಕೊಂಡು ಹೋದಳು.

ಸ್ಕೂಲು ಬಿಟ್ಟಿತ್ತು. ಕ್ಲಾಸಿನಲ್ಲಿ ಟೀಚರು ಮತ್ತು ಯಮುನ ಇಬ್ಬರೇ ಇದ್ದರು.

"ನೀವು ಪಾಠ ಮಾಡ್ತೀರೋ, ದೆವ್ವ ಬಿಡ್ತೀರೋ?" ಅಂದೆ ಬಾಗಿಲಲ್ಲೇ.

"ದೆವ್ವ ಬಿಡುವಷ್ಟು ಸಂಬಳ ಎಲ್ಲಿ ಕೊಡ್ತಾರೆ ರೈಟ್ರೇ. ಒಳಗೆ ಬನ್ನಿ."

"ನಗಬೇಡಿ. ನನ್ನ ಮನೆ ಬೀದಿಗೆ ಬೀಳ್ತದೆ."

ಟೀಚರ ನಗು ನಿಂತಿತು. "ಈ ಕಥೆಗಳಲ್ಲಿ ದೆವ್ವ ಬರೀ ನೆಪ. ಬಂಗಲೆಯವರು ಮಾಡಿದ್ದು ಮುಚ್ಚಿದ ಕೋಣೆಯಿಂದ ಕೂಗ್ತದೆ, ಅಷ್ಟೇ. ನಾನು ಕಲಿಸಿದ್ದು ಅದನ್ನು."

"ಹೆಸರನ್ನಾದರೂ ಬದಲಿಸು ಅನ್ನಬಹುದಿತ್ತಲ್ಲ?"

"ಅಂದರು," ಎಂದಳು ಯಮುನ. "ಹೆಸರು ಹಿಡಿದು ಕರೆಯದೆ ಸತ್ತವರು ಬರ್ತಾರಾ ಅಪ್ಪ? ಅಜ್ಜಿಗೆ ಬಡಿಸುವಾಗ ನೀವೇ ಪೂವಮ್ಮ ಅಂತ ಕರೀತೀರಲ್ಲ."

"ಅವಳು ಬರಲಿ ಅಂತ ನಿನ್ನನ್ನು ಯಾರು ಕೇಳಿದ್ದು?"

ಟೀಚರು ನೋಟುಬುಕ್ಕು ನನ್ನ ಮುಂದಿಟ್ಟರು. "ತಗೊಂಡು ಹೋಗಿ, ತಡೆಯುವುದಿಲ್ಲ. ಒಮ್ಮೆ ಓದಿ. ಇಲ್ಲಿ ಓದುವವರು ಗಟ್ಟಿಯಾಗಿ ಓದಬೇಕು."

ಓದುವುದಕ್ಕೆ ನನಗೇನು ಹೆದರಿಕೆ. ಶಾಲೆಯಲ್ಲಿ ಎರಡು ವರ್ಷ ಕೂತವನು, ಉಳಿದದ್ದು ನಾನೇ ಕಲಿತದ್ದು. ಕೂಲಿಲೈನಿನವರಿಗೆ ಕಾಗದ ಬಂದರೆ ಓದಿ ಹೇಳುವವನೂ ನಾನೇ, ಬರೆದವರ ಸ್ವರದಲ್ಲೇ ಓದುತ್ತೇನೆ. ಸುಳ್ಳು ಎಲ್ಲಿದೆ ಅಂತ ಹುಡುಕುತ್ತಾ ಶುರು ಮಾಡಿದೆ.

'ಕಾಳಿ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಕಾಫಿ ಕಟ್ಟಿಕೊಂಡಿದ್ದಳು. ಬೆಳಗಿನವರೆಗೆ ಗೋಡೌನಿನಲ್ಲಿ ಬಿದ್ದಿರಲಿ ಎಂದು ಬಂಗಲೆಯವರು ಹೇಳಿದರು. ಬೀಗದವನು ಬೀಗ ಹಾಕಿದ. ಕಾಳಿಗೆ ಜ್ವರ ಇತ್ತು. ಅಣ್ಣ, ಒಂದು ತಂಬಿಗೆ ನೀರಾದರೂ ಇಟ್ಟು ಹೋಗಿ ಎಂದಳು.'

ಆ ಮಾತು ನನ್ನ ಬಾಯಿಂದ ಕಾಳಿಯ ಸ್ವರದಲ್ಲೇ ಬಂತು. ಬೇಕೆಂದು ಮಾಡಿದ್ದಲ್ಲ. ಎರಡು ವರ್ಷ ಗಂಟಲಲ್ಲೇ ಇದ್ದದ್ದು, ದಾರಿ ಸಿಕ್ಕಿತು, ಬಂತು.

"ಇದನ್ನು ನಿನಗೆ ಯಾರು ಹೇಳಿದ್ದು?"

"ಮುದ್ದಿ. ಅವಳ ಮನೆ ಗೋಡೌನಿನ ಹಿಂದೆಯೇ ಅಲ್ವಾ. ಲೈನಿಗೆಲ್ಲ ಗೊತ್ತು ಅಪ್ಪ."

ನನಗೊಬ್ಬನಿಗೇ ಕೇಳಿದ್ದು ಅಂದುಕೊಂಡಿದ್ದೆ. ಮುಂದಿನ ಸಾಲು: 'ಬೀಗದವನು ಮನೆಗೆ ಹೋಗಿ ಉಂಡು ಮಲಗಿದ.' ಅವನಿಗೆ ಮಾತ್ರ ಹೆಸರಿರಲಿಲ್ಲ. ಇಡೀ ಕಥೆಯಲ್ಲಿ ನನ್ನ ಮಗಳು ಬಚ್ಚಿಟ್ಟ ಹೆಸರು ಅದೊಂದೇ.

"ಸುಳ್ಳು ಅಂತ ಹೇಳಿ ಅಪ್ಪ," ಅಂದಳು. "ನೀವು ಹೇಳಿದ್ರೆ ನಾಳೆ ನಾನು ನಿಂತು ಹೇಳ್ತೇನೆ."

ಹೊಡೆಯಲು ಕೈ ಎತ್ತಿದೆ. ಅಷ್ಟು ಸಿಟ್ಟು. ಎತ್ತಿದ ಕೈಯಲ್ಲಿ ಗೋಡೌನಿನ ಬೀಗದ ಕೈಗೊಂಚಲು ಝಲ್ಲೆಂದಿತು. ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲೇ ಹಿಡಿದು ಬಂದಿದ್ದೆ, ಗೊತ್ತೇ ಇರಲಿಲ್ಲ. ಯಮುನ ಹಿಂದೆ ಸರಿಯಲಿಲ್ಲ. ನಾನು ಕೈ ಇಳಿಸಿ, ನೋಟುಬುಕ್ಕನ್ನು ಅವಳ ಚೀಲಕ್ಕೆ ಹಾಕಿ, ಆಗಬೇಕಾದ ಎರಡು ಮಾತು ಹೇಳಿ ಹೊರಟೆ. ಬರುವಾಗಲೂ ಮೂರು ಮೈಲಿ ಬೈದೆ. ಈ ಸಲ ಟೀಚರನ್ನಲ್ಲ.

ಸಾಹುಕಾರರು ಸಂಜೆಯ ಕಾಫಿ ಕುಡಿಯುತ್ತಿದ್ದರು.

"ಎಲ್ಲಿ ಅದು?"

"ಮಗಳ ಚೀಲದಲ್ಲಿದೆ."

"ನಾಳೆ ಹೇಳ್ತಾಳಾ?"

"ಇನ್ನೊಮ್ಮೆ ಓದ್ತಾಳೆ. ಬೀಗದವನು ಅನ್ನುವಲ್ಲಿ ಸಾಂತಪ್ಪ ಅಂತ ಬರಿ ಅಂದಿದ್ದೇನೆ. ಬಂಗಲೆಯವರು ಅನ್ನುವಲ್ಲಿ ಯಾವ ಹೆಸರು ಅಂತ ಅವಳಿಗೂ ಗೊತ್ತು."

ಲೋಟ ಕೆಳಗಿಟ್ಟರು. "ಜ್ವರದಲ್ಲಿ ಸತ್ತವಳಿಗೋಸ್ಕರ ಅನ್ನ ಕಳೆದುಕೊಳ್ತೀಯಾ, ಮೂರ್ಖ?"

"ಜ್ವರ ಇತ್ತು. ಬೀಗವೂ ಇತ್ತು. ನೀವು ಹಾಕು ಅಂದಿರಿ, ನಾನು ಹಾಕಿದೆ. ಅವಳು ನೀರು ಕೇಳಿದಳು ಅಂತ ಬಂದು ಹೇಳಿದ್ದಕ್ಕೆ, ಕಳ್ಳಿಗೆ ಕಾಫಿಯನ್ನೂ ಕಾಯಿಸಿ ಕೊಡು ಅಂತ ನಕ್ಕಿರಿ. ನಾನೂ ನಕ್ಕೆ. ಆ ನಗುವೂ ಕಥೆಯಲ್ಲಿ ಇರಬೇಕು, ಅವಳಿಗೆ ಹೇಳ್ತೇನೆ."

"ಬೀಗದ ಕೈ ಇಲ್ಲಿಟ್ಟು, ಕತ್ತಲಾಗುವುದರೊಳಗೆ ಎಸ್ಟೇಟು ಬಿಡು."

"ಒಂದು ಕೆಲಸ ಬಾಕಿ ಇದೆ. ಮುಗಿಸಿ ಇಡ್ತೇನೆ."

ಮನೆಯಲ್ಲಿದ್ದ ಅನ್ನ, ಸಾರು, ಒಂದು ತಂಬಿಗೆ ನೀರು ತೆಗೆದುಕೊಂಡು ಗೋಡೌನಿಗೆ ಹೋದೆ. ಬೀಗ ತೆಗೆದೆ. ಕಾಫಿ ಮೂಟೆಗಳ ನಡುವೆ ನೆಲ ಒರೆಸಿ, ಬಾಳೆಯೆಲೆ ಹಾಸಿ ಬಡಿಸಿದೆ. ನೀರನ್ನು ಎಲೆಯ ಬಲಗಡೆ ಇಟ್ಟು, ಕಾಳಿ ಅಂತ ಕರೆದೆ.

ಇನ್ನು ಬಾಗಿಲು ಮುಚ್ಚಿ ಹೊರಗೆ ಬರಬೇಕು, ಅದು ಕ್ರಮ. ನಾನು ಎರಡೂ ಕದಗಳನ್ನು ಗೋಡೆಗೆ ತಾಗುವವರೆಗೆ ತೆರೆದು, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಒಂದೊಂದರ ಅಡಿಗೂ ಒಂದೊಂದು ಕಲ್ಲು ಕೊಟ್ಟೆ.