ಅತ್ತೆಯ ನಿದ್ದೆ, ಸೊಸೆಯ ವಾಚು

ವೈದ್ಯ ಓದದವರು ಇಂಥ ಕಥೆಗೆ ಕೈ ಹಾಕಬಾರದೇನೋ. ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುವ ಕಾಜಾ ಹೊಲಿಯುವವಳು ಆ ಸೊಸೆ. ಅವಳಿಗೆ ಮೊದಲ ಬಸಿರು ಏಳನೇ ತಿಂಗಳಲ್ಲೇ ಹೋಗಿತ್ತು. ನಿದ್ದೆಗೆಟ್ಟು ಹೊಲಿದದ್ದಕ್ಕೇ ಹಾಗಾಯಿತೆಂದು ನೆಂಟರು ಆಡಿಕೊಂಡಿದ್ದರು. ಈ ಸಲ ಆಸ್ಪತ್ರೆಯವರೇ ನಿದ್ದೆ, ಎದೆಬಡಿತ ಅಳೆದು ತಮಗೂ ಕಳಿಸುವ ವಾಚು ಕೊಟ್ಟರು. ಬೆಳಗಾದರೆ ಗಂಡ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಅದನ್ನು ನೋಡುತ್ತಿದ್ದ. ಎರಡು ಗಂಟೆ, ಎರಡೂವರೆ. ಅವನ ಮುಖ ಸಣ್ಣದಾಗುತ್ತಿತ್ತು. ಆ ಮುಖ ನೆನೆದರೆ ಅವಳಿಗೆ ಬರುವ ನಿದ್ದೆಯೂ ಹಾರಿಹೋಗುತ್ತಿತ್ತು.

ಎಂಟನೇ ತಿಂಗಳು ಹಿಡಿದಾಗ ಅವಳೊಂದು ಉಪಾಯ ಹೂಡಿದಳು. ಪಕ್ಕದಲ್ಲೇ ಮಲಗುವ ಅತ್ತೆ ಮೈಮೇಲೆ ಗೋಡೆ ಬಿದ್ದರೂ ಏಳುವವರಲ್ಲ. ಗೊರಕೆ ಶುರುವಾದೊಡನೆ ವಾಚನ್ನು ಅವರ ಕೈಗೆ ಕಟ್ಟುವುದು, ಅವರು ಏಳುವ ಮೊದಲು ಬಿಚ್ಚಿಕೊಳ್ಳುವುದು. ಏಳು ಗಂಟೆ ನಿದ್ದೆ ಎಂದು ಫೋನು ತೋರಿಸಿದ ದಿನ ಗಂಡ, "ನಿಂಗೂ ಅಮ್ಮನ ನಿದ್ದೆ ಅಂಟ್ಕೊಂಡಿದೆ ಕಣೇ" ಎಂದು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ. ಅವಳು ಉಪಾಯ ಬಿಡಲಿಲ್ಲ.

ಹೀಗೆ ಶುರುವಾದ ಮೂರನೇ ವಾರ ಅವಳ ಕಾಲು ಬಾತವು, ಬೆರಳಿನ ಉಂಗುರ ಬಿಚ್ಚಲಾಗಲಿಲ್ಲ. ಹಿಂದಿನ ದಿನದಿಂದ ಮಗು ಅಲುಗಿದ್ದು ಒಂದೋ ಎರಡೋ ಸಲ. ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು. ಕೌಂಟರಿನ ನರ್ಸ್ ಪರದೆ ನೋಡಿ, ನಿದ್ದೆ, ಎದೆಬಡಿತ ಎಲ್ಲ ಚೆನ್ನಾಗಿದೆ, ಬಾವು ಎಲ್ಲರಿಗೂ ಬರುವುದೇ, ಇವತ್ತು ಡಾಕ್ಟರಿಗೆ ಜನ ಜಾಸ್ತಿ, ನಾಳಿದ್ದು ಬನ್ನಿ ಎಂದಳು. ಮಗು ಅಲುಗುತ್ತಿಲ್ಲ ಎಂದದ್ದಕ್ಕೆ, ಅಮ್ಮನ ಹಾಗೇ ಮಲಗಿರಬೇಕು ಎಂದು ತಮಾಷೆ ಮಾಡಿದಳು.

ಅತ್ತೆ ನೆಮ್ಮದಿಯಿಂದ ಚೀಲ ಎತ್ತಿಕೊಂಡರು. ಅವಳು ಕೌಂಟರಿನ ಅಂಚು ಹಿಡಿದು ನಿಂತೇ ಇದ್ದಳು. ಹೇಳಿದರೆ ಮನೆಯಲ್ಲಿ ಮುಖ ಎತ್ತುವಂತಿಲ್ಲ. ಹೇಳದಿದ್ದರೆ ಮಗು?

"ಆ ನಿದ್ದೆ ನಂದಲ್ಲ ಸಿಸ್ಟರ್. ನಮ್ಮತ್ತೇದು. ದಿನಾ ಅವ್ರ ಕೈಗೆ ಕಟ್ತಿದ್ದೆ."

ಅತ್ತೆ ಒಂದು ಕ್ಷಣ ತಮ್ಮ ಮಣಿಕಟ್ಟನ್ನೇ ನೋಡಿಕೊಂಡರು.

"ನನ್ನ ಎಬ್ಸಿದ್ರೆ ನಾನೂ ಎದ್ದು ಕೂತಿರ್ತಿದ್ನಲ್ಲೇ, ಹುಚ್ಚಿ." ಆಮೇಲೆ ನರ್ಸಿನ ಕಡೆ ತಿರುಗಿದರು. "ಡಾಕ್ಟರನ್ನ ಕರೀಮ್ಮ. ಈಗ್ಲೇ."

ರಕ್ತದೊತ್ತಡ ಮಿತಿಮೀರಿತ್ತು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಒತ್ತಿ ಹುಡುಕಿದರು, ಮತ್ತೆ ಹುಡುಕಿದರು. ಕೊನೆಗೆ ಸಿಕ್ಕ ಬಡಿತ ತೀರ ನಿಧಾನವಾಗಿತ್ತು. ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ಅವಳು ಕೇಳಿದ್ದು ಒಂದೇ: ವಾಚು ನನ್ನ ನಿಜವಾದ ನಿದ್ದೆ ತೋರಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ? ಹೇಳಲಾಗದಮ್ಮ ಎಂದರು ಡಾಕ್ಟರು.

ಮಗು ಸಣ್ಣಗೆ ಅತ್ತಿತಂತೆ. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಅವಳು ವಾರ್ಡಿನಲ್ಲಿ ಮಲಗಿದ್ದಾಳೆ; ಹೊರಗಿನ ಬೆಂಚಿನ ಮೇಲೆ ಅತ್ತೆ ಕಣ್ಣು ಮುಚ್ಚದೆ ಕೂತಿದ್ದಾರೆ. ಮಗು ಉಳಿಯುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ.