ಎಣಿಕೆಯ ದಿನ

ಒಂದು ತಾಸಿನ ಹಿಂದಷ್ಟೇ ಅವ್ವನ ಕೊರಳಿಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಸುಗುಣಾ ಬಿಚ್ಚುತ್ತಿದ್ದಳು.

"ಏನ್ ಮಾಡಾಕತ್ತೀ?" ಮನ್ಮಾಡಿನಿಂದ ಸಿಕ್ಕ ಗಾಡಿ ಹತ್ತಿ ಬಂದಿದ್ದ ಸೋದರಮಾವ ಸುಧಾಕರ ಗದರಿದ.

"ಜೋಪಡಿ ಎಣಿಸೋ ಸರ್ವೇದವರು ಗಲ್ಲಿಗೆ ಬಂದಾರ, ಮಾಮಾ. ಕಾಗದ ಇರೋದು ಅವ್ವನ ಹೆಸರ್ಲೆ. ಆಕಿ ಇಲ್ಲಂದ್ರ ಈ ಮನಿ ಲೆಕ್ಕಕ್ಕ ಬರಂಗಿಲ್ಲ."

ಗುರಬಸವ್ವ ನಸುಕಿನಲ್ಲಿ ತೀರಿಕೊಂಡಿದ್ದಳು. ಅವರ ಪದ್ಧತಿಯಂತೆ ಹೆಣವನ್ನು ಮಲಗಿಸದೆ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ತಲೆ ವಾಲದಂತೆ ಹಣೆಗೆ ಸುತ್ತಿದ ಬಟ್ಟೆಯನ್ನು ತಗಡಿನ ಮೊಳೆಗೆ ಕಟ್ಟಿದ್ದರು. ಸುಗುಣಾ ಅವ್ವನ ಸೆರಗು ಮುಂದೆಳೆದು ಆ ಬಟ್ಟೆಯನ್ನು ಮರೆಮಾಡಿದಳು. ವಿಭೂತಿ ಒರೆಸಿದಳು.

"ಹೆಣ ಮುಂದಿಟ್ಕೊಂಡು ಸುಳ್ಳು ಹೇಳ್ತೀಯೇನ?"

"ಮಣ್ಣು ಕೊಟ್ಟು ಬಂದ ಮ್ಯಾಲ ನಾ ಎಲ್ಲಿ ಮಲಗ್ಲಿ? ನಿಮ್ಮ ಮನ್ಯಾಗ?"

ಮಾವ ಬಿಚ್ಚಿದ ಹಾರವನ್ನೆತ್ತಿ ಬುಟ್ಟಿಯ ಕೆಳಗೆ ಮುಚ್ಚಿಟ್ಟ.

"ಬದುಕಿದ್ದಾಗ ಒಂದ್ ತಾಸು ಕೈ ಕಟ್ಟಿ ಕೂತಾಕಿ ಅಲ್ಲ," ಎಂದಳು ಪಕ್ಕದ ಮನೆಯ ಪ್ರೇಮಾಬಾಯಿ. "ಇವತ್ತರ ಕೂಡ್ಲಿ ಬಿಡ್ರಿ. ಯಾರೂ ದನಿ ತೆಗೀಬ್ಯಾಡ್ರಿ."

*

ಹನ್ನೊಂದು ವರ್ಷದ ಹಿಂದೆ, ಅಂಬಡ್‌ನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಗುರಬಸವ್ವ ಮೊದಲ ಸಲ ಮನೆಗೆ ಬೀಗ ಹಾಕಿ ಹೋಗಿದ್ದಳು. ಒಳಗೆ ಹೊಸ ಕುಕ್ಕರ್ ಇತ್ತು. ಅಂದೇ ಎಣಿಸುವವರು ಬಂದು, ಕದದ ಮೇಲೆ ಸೀಮೆಸುಣ್ಣದಲ್ಲಿ 'ಬಂದ್' ಎಂದು ಬರೆದು ಹೋದರು. ಎಣಿಕೆಯಾದ ಮನೆಗಳಿಗೆ ನಂಬರು ಬಂತು. ಅವಳದಕ್ಕೆ ಜೆಸಿಬಿ ಬಂತು.

ನಾಲೆಯ ದಂಡೆಗೆ ತಗಡು ಎಳೆದು ತಂದು ಮತ್ತೆ ಕಟ್ಟಿಕೊಂಡಳು. ಆಮೇಲೆ ಬೀಗವನ್ನೇ ಹಾಕಲಿಲ್ಲ. ಎಣಿಕೆಯ ಸುದ್ದಿ ಬಂದಾಗಲೆಲ್ಲ ಕೂಲಿ ಬಿಟ್ಟು, ಮೈತೊಳೆದು, ಇದ್ದೊಂದು ಒಳ್ಳೆಯ ಸೀರೆ ಉಟ್ಟು ಹೊಸ್ತಿಲಲ್ಲಿ ಕೌದಿ ಹೊಲಿಯುತ್ತ ಕಾಯುತ್ತಿದ್ದಳು. ಯಾರೂ ಬರುತ್ತಿರಲಿಲ್ಲ.

*

ಸರ್ವೇ ಹುಡುಗಿ ಚಪ್ಪಲಿ ಬಿಡದೆ ಒಳಗೆ ಬಂದಳು. ಕಾಗದ ನೋಡಿದಳು. ಗುರಬಸವ್ವ ಕೂತಿದ್ದ ಮೂಲೆಯತ್ತ ತಿರುಗಿದಳು.

"ಆಈಲಾ ತಾಪ್ ಆಹೆ," ಎಂದಳು ಸುಗುಣಾ ಮರಾಠಿಯಲ್ಲಿ. ಅವ್ವನಿಗೆ ಜ್ವರ.

ಹುಡುಗಿ ಮೊಬೈಲು ಎತ್ತಿ ಹಿಡಿದಳು. ಕಾಯ್ದಳು. "ಆಜೀ, ಡೋಳೆ ಉಘಡಾ ನಾ." ಕಣ್ಣು ತೆರೆಯದಿದ್ದರೆ ಮೊಬೈಲು ಫೋಟೋ ತಗೊಳ್ಳುವುದಿಲ್ಲ, ಇನ್ನೂ ನಲವತ್ತು ಮನೆ ಬಾಕಿ ಇವೆ ಎಂದು ಗೊಣಗಿದಳು.

ಪ್ರೇಮಾಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸುಗುಣಾ ಹೋಗಿ ಅವ್ವನ ಪಕ್ಕ ಕೂತಳು, ಕೂಸಿನ ಫೋಟೋ ತೆಗೆಸುವವರ ಹಾಗೆ ಭುಜ ಬಳಸಿ. ನಸುಕಿನಲ್ಲಿ ತಾನೇ ಮುಚ್ಚಿದ ರೆಪ್ಪೆಗಳು ಬಿಗಿದಿದ್ದವು. ಹೆಬ್ಬೆರಳಿನಿಂದ ಒಂದೊಂದನ್ನೇ ಮೇಲಕ್ಕೆ ತಳ್ಳಿದಳು.

ಹುಡುಗಿಯ ಕೈ ನಿಂತಿತು. ಅವಳು ಗುರಬಸವ್ವನನ್ನು ನೋಡಲಿಲ್ಲ; ಸುಗುಣಾಳನ್ನು ನೋಡಿದಳು. ಆಮೇಲೆ ಗುಂಡಿ ಒತ್ತಿ, ಕದಕ್ಕೆ ನಂಬರಿನ ಚೀಟಿ ಅಂಟಿಸಿ ಸರಸರನೆ ಹೊರಟುಹೋದಳು.

"ಈಗ ಅಳವ್ವ," ಎಂದಳು ಪ್ರೇಮಾಬಾಯಿ.

ಸುಗುಣಾ ಅವ್ವನ ಕಣ್ಣು ಮುಚ್ಚಲು ಅಂಗೈ ಇಟ್ಟಳು. ರೆಪ್ಪೆಗಳು ಅರ್ಧಕ್ಕೆ ಬಂದು ನಿಂತವು. ಮತ್ತೆ ಸವರಿದಳು, ಮತ್ತೆ ಸವರಿದಳು. ಆ ಸಂದಿಯಿಂದ ಗುರಬಸವ್ವ ಬಾಗಿಲ ಕಡೆಗೇ ನೋಡುತ್ತಿದ್ದಳು.