ಗುಡ್ಡದ ದಾರಿಯ ಅಳತೆ

೧೯೭೯ರ ಜೂನ್ ಮೊದಲ ವಾರ ಮೆಹತಾಬ್ ಚಿಂಚೋಳಿ ಕಡೆಯ ಕುಂಚಾವರಂಗೆ ಬಂದ. ಶಹಾಬಾದದ ಹುಡುಗ, ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಸಹಾಯಕನಾಗಿ ಸೇರಿ ಎರಡು ವರ್ಷವಾಗಿತ್ತು. ಕಾಡಂಚಿನ ಇಳಿಜಾರು ಹೊಲಗಳಿಂದ ಒಂದು ಮಳೆಗಾಲಕ್ಕೆ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂದು ಅಳೆಯುವುದು ಅವನ ಕೆಲಸ. ಕೆಳಗಿನ ಕೆರೆಯಲ್ಲಿ ಹೂಳು ತುಂಬುತ್ತಿತ್ತು. ಗುಡ್ಡದಲ್ಲಿ ನೇಗಿಲು ಹೊಡೆಯುವವರಿಂದಲೇ ಹೀಗಾಗುತ್ತಿದೆ, ಉಳುಮೆ ನಿಲ್ಲಿಸಿ ಅಲ್ಲಿ ಗಿಡ ನೆಡಬೇಕು ಎಂಬ ಮಾತು ಕಚೇರಿಯಲ್ಲಿ ಆಗಲೇ ನಡೆದಿತ್ತು.

ಅವನು ಆರಿಸಿಕೊಂಡ ಹೊಲ ಮಹಾದೇವಮ್ಮನದು. ಗಂಡ ತೀರಿಕೊಂಡ ಮೇಲೆ ಮೂರು ಎಕರೆ ಕೆಂಪು ನೆಲದಲ್ಲಿ ತೊಗರಿ, ಸಜ್ಜೆ ಬಿತ್ತಿ ಬೆಳೆಯುತ್ತಿದ್ದವಳು ಅವಳೇ. ಹೊಲದ ಮಗ್ಗುಲಿಗೆ ಒಂದು ದಾರಿ ನೆಟ್ಟಗೆ ಗುಡ್ಡ ಏರಿ, ಕಾಡಿನೊಳಗೆ ನೀರು ಧುಮುಕುವ ಜಾಗಕ್ಕೆ ಹೋಗುತ್ತಿತ್ತು. ಭಾನುವಾರ ಹೈದರಾಬಾದು, ಗುಲಬರ್ಗಾ ಕಡೆಯಿಂದ ಜೀಪು, ಕಾರುಗಳಲ್ಲಿ ಜನ ಬರುತ್ತಿದ್ದರು. ಸುತ್ತಿ ಏರುವ ಹಳೆಯ ಬಂಡಿದಾರಿ ಬಿಟ್ಟು ಎಲ್ಲರೂ ಇಲ್ಲೇ ಗಾಡಿ ಹೊಡೆಯುತ್ತಿದ್ದರು. ಮಹಾದೇವಮ್ಮ ಅವರಿಗೆ ಮಜ್ಜಿಗೆ, ಕುದಿಸಿದ ಶೇಂಗಾ ಮಾರುತ್ತಿದ್ದಳು.

ಮೆಹತಾಬ್ ಹೊಲದ ಅಂಚಿನಲ್ಲಿ ಉದ್ದನೆಯ ಮೊಳೆ ಹೊಡೆಯುವುದನ್ನು ಕಂಡು ಅವಳು ಬಂದಳು.

“ಇಲ್ಲಿ ಯಾಕ ಮೊಳಿ ಹೊಡೀಲಿಕತ್ತೀರಿ?”

“ಮಣ್ಣು ಹೋದಷ್ಟು ಮೊಳಿ ಮ್ಯಾಲೆ ಕಾಣ್ತದರಿ ಅಕ್ಕಾ. ಅದನ್ನ ಅಳದು ಬರಕೋತೀನಿ.”

“ಬರೇ ನನ್ನ ಹೊಲ ಅಳೀತೀರೇನು? ಆ ದಾರಿನೂ ಅಳೀರಿ. ಹ್ವಾದ ವರ್ಷ ಇಷ್ಟು ತಗ್ಗು ಇರಲಿಲ್ಲ ಅದು.”

ದಾರಿಯ ಮಾತು ಅವನ ಕಾಗದದಲ್ಲಿ ಇರಲಿಲ್ಲ. ಆದರೂ ದಾರಿಯ ಎರಡೂ ದಡಕ್ಕೆ ಮೊಳೆ ಹೊಡೆದು, ನಡುವೆ ದಾರ ಬಿಗಿದು, ದಾರದಿಂದ ನೆಲಕ್ಕೆ ಅಳೆದ. ಒಂದು ಗೇಣಿತ್ತು.

ಜುಲೈಯಲ್ಲಿ ಹಳ್ಳ ತುಂಬಿ ಬಂದು, ಮೆಹತಾಬ್ ಅಳತೆಗೆ ಬರುತ್ತಿದ್ದ ಚಿಂಚೋಳಿಯ ಬಸ್ಸು ಹತ್ತು ದಿನ ನಿಂತಿತು. ಅಳತೆ ತಪ್ಪಿತೆಂದುಕೊಂಡೇ ಮೆಹತಾಬ್ ಬಂದ. ಮಹಾದೇವಮ್ಮ ಒಂದು ಹುರಿ ತಂದು ಕೈಗಿಟ್ಟಳು. ಅವಳಿಗೆ ಓದು ಬಾರದು. ಪ್ರತಿ ಮಳೆಯಾದ ಮೇಲೆ ದಡದ ಮೊಳೆಗಳಿಗೆ ದಾರ ಬಿಗಿದು, ಅದರಿಂದ ಹುರಿ ಇಳಿಬಿಟ್ಟು, ನೆಲ ಮುಟ್ಟಿದ ಅಳತೆಗೆ ಹುರಿಗೆ ಗಂಟು ಹಾಕಿದ್ದಳು. ನಾಲ್ಕು ಮಳೆ, ನಾಲ್ಕು ಗಂಟು.

ಸೆಪ್ಟೆಂಬರ್ ಹೊತ್ತಿಗೆ ವಿಷಯ ಸ್ಪಷ್ಟವಾಗಿತ್ತು. ಅವಳು ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕಲ್ಲಿನ ಒಡ್ಡು ಇಟ್ಟುಕೊಂಡಿದ್ದ ಹೊಲದಲ್ಲಿ ಮೊಳೆ ಮೇಲೆದ್ದದ್ದು ಒಂದು ಜೋಳದ ಕಾಳಿನಷ್ಟು. ಗಾಲಿ ಉಜ್ಜಿ ಹುಲ್ಲು ಸತ್ತ ದಾರಿಯಲ್ಲಿ ಕೊರಕಲು ಮೂರು ಗೇಣು ಇಳಿದಿತ್ತು. ಕೊನೆಯ ಮಳೆಗೆ ಅದು ಹೊಲದ ಮೂಲೆಗೂ ನುಗ್ಗಿ ನಾಲ್ಕು ಸಾಲು ತೊಗರಿ ಒಯ್ದಿತ್ತು.

“ನಾ ಇದನ್ನ ಬರದ್ರ ದಾರಿ ಬಂದ್ ಆಗ್ತದರಿ,” ಎಂದ ಮೆಹತಾಬ್. “ನಿಮ್ಮ ಮಜ್ಜಿಗಿ ಯಾಪಾರ ಹೋಗ್ತದ.”

ಅವಳು ಬಿದ್ದ ತೊಗರಿ ಗಿಡಗಳನ್ನು ಆರಿಸಿ ಸಿವುಡು ಕಟ್ಟುತ್ತಿದ್ದಳು.

“ಹೋಗ್ತದ. ಎಣ್ಣಿ, ಸಕ್ಕರಿ ಅದರಾಗೇ ಬರ್ತಿತ್ತು. ಆದ್ರ ಹೊಲ ಹ್ವಾದ್ರ ನಾ ಎಲ್ಲಿ ಹೋಗ್ಲಿ ತಮ್ಮಾ? ಖರೇ ಏನದ ಅದನ್ನ ಬರಿ.”

ಅಕ್ಟೋಬರಿನಲ್ಲಿ ಮೇಲಧಿಕಾರಿ ಜೀಪಿನಲ್ಲಿ ಬಂದರು. ಟಿಪ್ಪಣಿ ಪುಸ್ತಕ ತಿರುವಿ, ಜುಲೈ ಪುಟಕ್ಕೆ ಪಿನ್ ಮಾಡಿದ್ದ ಹುರಿ ನೋಡಿ, ಅದು ಯಾರದೆಂದು ಕೇಳಿ ತಿಳಿದು ಸಿಡುಕಿದರು.

“ಏನಿದು? ಓದು ಬಾರದ ಹೆಣ್ಣುಮಗಳು ಹಾಕಿದ ಗಂಟು ಸಂಶೋಧನೆಯೇ?”

ಉತ್ತರ ಕೊಟ್ಟವಳು ಮಹಾದೇವಮ್ಮ.

“ಸಾಹೇಬ್ರ, ನನ್ನ ಗಂಟು ನಂಬಬ್ಯಾಡ್ರಿ. ನೀವ ಇಳದು ಅಳೀರಿ.”

ದಡದ ಮೊಳೆಗೆ ದಾರ ಬಿಗಿದು ಅವಳೇ ಹಿಡಿದಳು. ಅಧಿಕಾರಿ ಬೂಟು ಬಿಚ್ಚದೆ ಕೊರಕಲಿಗೆ ಇಳಿದರು, ಮಂಡಿಯ ಮೇಲಿನವರೆಗೂ ಕಾಲು ಕಾಣಲಿಲ್ಲ. ಟೇಪು ಹಿಡಿದು ಮೂರು ಕಡೆ ಅಳೆದರು. ಆಮೇಲೆ ಹೊಲದ ಮೊಳೆಗಳನ್ನೂ ಬಗ್ಗಿ ನೋಡಿದರು. ತಪ್ಪಾಯಿತೆಂದು ಹೇಳಲಿಲ್ಲ. ಪುಟದ ಕೆಳಗೆ ಸಹಿ ಮಾಡಿ, ಬಂದ ಜೀಪನ್ನು ಅಲ್ಲೇ ಬಿಟ್ಟು ನಡೆದುಕೊಂಡು ಗುಡ್ಡ ಹತ್ತಿದರು.

ಉಳುಮೆ ನಿಲ್ಲಿಸುವ ಮಾತು ನಿಂತಿತು. ಮಾರ್ಚಿನಲ್ಲಿ ಕಚೇರಿಯವರು ದಾರಿಯ ಬುಡಕ್ಕೆ ಬಂಡೆಗಲ್ಲು ಇಟ್ಟು, ಗಾಡಿಗಳನ್ನು ಬಂಡಿದಾರಿಗೆ ತಿರುಗಿಸಿದರು. ಗಾಡಿಯಲ್ಲಿ ಬಂದವರು ಎರಡು ಸಲ ಕಲ್ಲು ಸರಿಸಿದರು; ಎರಡು ಸಲವೂ ಮಹಾದೇವಮ್ಮ ಹಾರೆ ಹಾಕಿ ಮೊದಲಿದ್ದ ಜಾಗಕ್ಕೆ ನೂಕಿದಳು. ಮಜ್ಜಿಗೆ ಗಡಿಗೆ ಹೊತ್ತು ಒಂದು ಮೈಲಿ ನಡೆದು ಬಂಡಿದಾರಿಯ ತಿರುವಿನಲ್ಲಿ ಕುಳಿತಳು. ಅಲ್ಲಿ ಆಗಲೇ ಒಂದು ಚಹಾದ ಅಂಗಡಿ ಎದ್ದಿತ್ತು. ವ್ಯಾಪಾರ ಅರ್ಧಕ್ಕೆ ಇಳಿಯಿತು. ಕೆಲವು ಭಾನುವಾರ ಗಡಿಗೆ ತುಂಬಿದ್ದು ತುಂಬಿದಂತೆಯೇ ಮರಳುತ್ತಿತ್ತು. ಆಗ ಅವಳಿಗೆ ಮೆಹತಾಬನ ಮೇಲೆ ಸಿಟ್ಟು ಬರುತ್ತಿತ್ತು, ಮನೆ ಮುಟ್ಟುವುದರೊಳಗೆ ಹೋಗುತ್ತಿತ್ತು.

ಮೆಹತಾಬನನ್ನು ಕರಿ ನೆಲ ಅಳೆಯಲು ಆಡಕಿ ಎಂಬ ಊರಿಗೆ ಕಳಿಸಿದರು. ಮುಂದಿನ ಜೂನಿನಲ್ಲಿ ಮಹಾದೇವಮ್ಮ ಹೊಲವನ್ನೆಲ್ಲ ಬಿತ್ತಿ, ಕೊಚ್ಚಿಹೋದ ಮೂಲೆಯನ್ನಷ್ಟೇ ಬಿಟ್ಟಳು. ಅಲ್ಲಿ ಒಡ್ಡಿನ ಹಿಂದೆ ಬಿತ್ತುವಷ್ಟು ಮಣ್ಣು ಕೂಡಲು ಇನ್ನೂ ಮೂರು ಮಳೆಗಾಲ ಬೇಕೆಂದು ಅವಳ ಅಂದಾಜು.